ಸುತಳಿ ಕೊಟ್ಟ ಅಜ್ಜಾರಿಗೆ

ಹೋದ ರವಿವಾರ ಹುಬ್ಬಳ್ಳಿ ಸ್ಟೇಶನ್ನಿನಾಗ ನನ್ನ ಮಗಳ ಚಪ್ಪಲಿ ಸರಿ ಮಾಡಿಕೊಟ್ಟ ಅಜ್ಜಾರ, ನಿಮ್ಮ ಹೆಸರು ಕೇಳೋದ ಮರತೆ.

ನಾವು ಎಲ್ಲೂ ಹೊಂಟವರಲ್ಲ. 1507 ಮೀಟರಿನ, ಜಗತ್ತಿನಾಗ ಎಲ್ಲಕ್ಕಿಂತ ಉದ್ದನ ಪ್ಲಾಟ್‌ಫಾರ್ಮ್ 2023ರಿಂದ ನಮ್ಮೂರಾಗ ಐತಲ್ಲ, ಅದನ್ನ ಈ ತುದಿಯಿಂದ ಆ ತುದಿತನಕ ನಡೀಬೇಕಂತ ಮಕ್ಕಳ ಹಟ. ಪ್ಲಾಟ್‌ಫಾರ್ಮ್ ಟಿಕೆಟ್ ತಗಸಿ, ಒಂದು ಪೊಟ್ಟಣ ಚುರಮುರಿ ಹಿಡಕೊಂಡು ಹೊಂಟ್ವಿ. ದೊಡ್ಡಾಕಿ ಹೆಜ್ಜಿ ಎಣಸ್ತಿದ್ಲು. ಎಂಟನೂರಾ ಚಿಲ್ಲರಕ್ಕ ಬಂದಾಗ ಚಪ್ಪಲಿ ಉಂಗುಟ ಕಿತ್ತು, ಎಣಿಕೀನೂ ತಪ್ಪಿತು. ಯಾವುದಕ್ಕ ಅತ್ಲೋ ಇವತ್ತಿಗೂ ಗೊತ್ತಾಗಿಲ್ಲ. ಅಕ್ಕ ಅಳತಾಳಂತ ಸಣ್ಣಾವನೂ ರಾಗ ತಗದ.

ಬಾಕಿನ ಮ್ಯಾಲ ಚೀಲ ಇಟಕೊಂಡು ಕೂತಿದ್ದ ನೀವು, "ಇಲ್ಲಿ ತಾರವ್ವಾ ತಂಗಿ" ಅಂದ್ರಿ. ಚೀಲದ ಬಾಯಿಗೆ ಕಟ್ಟಿದ್ದ ಸುತಳಿ ಬಿಚ್ಚಿ, ಹಲ್ಲಿನಿಂದ ಒಂದು ಗೇಣು ಹರದು, ತುದಿ ಎಂಜಲ ಹಚ್ಚಿ ಹೊಸದು, ಚಪ್ಪಲಿ ತೂತಿನಾಗ ತೂರಿಸಿ ಕೆಳಗ ಗಂಟು ಹಾಕಿದ್ರಿ.

"ಲೆಕ್ಕ ಎಲ್ಲಿಗೆ ಬಿಟ್ಟಿದ್ದಿ?"

"ಎಂಟನೂರಾ ನಲವತ್ತು." ಶುದ್ಧ ಸುಳ್ಳ.

"ಬರೋಬರಿ. ನಾನೂ ಎಣಸಾಕ ಹತ್ತಿದ್ನಿ" ಅಂದ್ರಿ ನೀವು, ನಗಲಾರದ.

ಆಕಿ ಎಂಟನೂರಾ ನಲವತ್ತೊಂದು ಅಂತ ಓಡಿದ್ಲು. ತುದಿ ಮುಟ್ಟಿದ್ವಿ. ಹೊಸಾ ಚಪ್ಪಲಿ ತಂದ್ರೂ ಸುತಳೀದ ಬೇಕಂತಾಳ.

ಭಾಳ ಉಪಕಾರ ಆತ್ರಿ ಅಜ್ಜಾರ. ನಿಮ್ಮ ಚೀಲದ ಬಾಯಿ ಮತ್ತ ಕಟ್ಟಾಕ ಸುತಳಿ ಸಾಲ್ತೋ ಇಲ್ಲೋ, ಅದನ್ನೂ ಕೇಳಲಿಲ್ಲ ನಾನು.