ಮಲ್ಲಯ್ಯಗ ಸಾಕು, ಮೈಗೆ ಸಾಲದು

ಲಿಯಾನ್, ಫ್ರಾನ್ಸ್

ಅವ್ವಗ ನಮಸ್ಕಾರ,

ನಾವೆಲ್ಲಾ ಇಲ್ಲಿ ಆರಾಮ ಅದೀವಿ. ಫೋನಿನಾಗ ಮಾತು ಅರ್ಧಕ್ಕ ನಿಂತಿತು, ಅದಕ್ಕ ಬರಿಯಾಕ ಕುಂತೀನಿ. “ಕ್ಯಾನ್ಸರ್ ಅಂದ್ರ ಹಣೇಬರಹ, ನಡದರ ತಪ್ಪತೈತೇನು?” ಅಂತ ಕೇಳಿದ್ದಿ. ಪೂರಾ ತಪ್ಪತೈತಿ ಅಂತ ಯಾರೂ ಹೇಳಾಕ ಬರೂದಿಲ್ಲ. ಆದ್ರ ಕೆಲವು ಕ್ಯಾನ್ಸರಿನ ಅಪಾಯ ಕಡಿಮಿ ಆಗೂದು ಖರೆ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನೆ ಕೇಂದ್ರ ನಾನಿರೋ ಈ ಊರಾಗೇ ಐತಿ. ಬೊಜ್ಜಿಗೂ 13 ತರದ ಕ್ಯಾನ್ಸರಿಗೂ ನಂಟು ಐತಿ ಅಂತ 2016ರಾಗ ಅವರು ಹೇಳಿದ್ರು. ದೊಡ್ಡ ಕರುಳು, ಲಿವರ್, ಕಿಡ್ನಿ, ಪಿತ್ತಕೋಶ, ಗರ್ಭಕೋಶ ಎಲ್ಲಾ ಅದರಾಗ ಬರ್ತಾವ. ಮುಟ್ಟು ನಿಂತ ಮ್ಯಾಲೆ ಬರೋ ಎದಿ ಕ್ಯಾನ್ಸರೂ ಐತಿ.

ನಿನ್ನ ವಯಸ್ಸಿನವರು ತಿಳ್ಕೋಬೇಕಾದ್ದು ಇದು. ಮುಟ್ಟು ನಿಂತ ಮ್ಯಾಲೆ ಅಂಡಾಶಯ ಈಸ್ಟ್ರೋಜನ್ ಅನ್ನೋ ಹೆಣ್ಣು ಹಾರ್ಮೋನ್ ಮಾಡೂದು ಬಿಡತೈತಿ, ಮೈಯಾಗಿನ ಕೊಬ್ಬು ಬಿಡೂದಿಲ್ಲ. ಕೊಬ್ಬು ಹೆಚ್ಚಾದಷ್ಟು ಆ ಹಾರ್ಮೋನೂ ಹೆಚ್ಚು, ಅದು ಎದಿ, ಗರ್ಭಕೋಶದ ಜೀವಕೋಶಗಳನ್ನ ಬೆಳೀರಿ ಅಂತ ತಿವೀತಿರತೈತಿ. ಹೊಟ್ಟಿ ಸುತ್ತ ಕೊಬ್ಬು ಕೂಡಿದ್ರ ರಕ್ತದಾಗಿನ ಸಕ್ಕರಿ ಹತೋಟಿಗೆ ತರೋ ಹಾರ್ಮೋನ್ ಇನ್ಸುಲಿನ್ನೂ ಏರತೈತಿ, ಅದರ ಕೆಲಸಾನೂ ಅಂಥದೇ. ನಡೆಯುವಾಗ ಕಾಲಿನ ಸ್ನಾಯು ರಕ್ತದಾಗಿನ ಸಕ್ಕರಿ ಎಳಕೊಂತಾವ, ಇನ್ಸುಲಿನ್ ಬಾಳ ಬೇಕಾಗೂದಿಲ್ಲ. ತೂಕ ಇಳೀದಿದ್ರೂ ಈ ಲಾಭ ಸಿಗತೈತಿ, ಅದಕ್ಕ ತೂಕದ ಮಷೀನ್ ನೋಡಿ ಬ್ಯಾಸರ ಮಾಡ್ಕೋಬ್ಯಾಡ.

ಆದ್ರ ಈ ಗುಣ ಮೈಯಾಗ ಎರಡು ಮೂರು ದಿನಕ್ಕಿಂತ ಹೆಚ್ಚು ನಿಲ್ಲೂದಿಲ್ಲ. ಅಪ್ಪ “ವರ್ಷಾ ಯುಗಾದಿಗೆ ಶ್ರೀಶೈಲಕ್ಕ ನಡೀತೀನಲ್ಲ” ಅಂತಾರ. ಮಲ್ಲಯ್ಯಗ ಅಷ್ಟು ಸಾಕು, ಮೈಗೆ ಸಾಲದು! ಪಾದಯಾತ್ರೆ ಮುಗಿಸಿ ಬಂದು ಉಳಿದ ವರ್ಷ ಕಟ್ಟಿ ಮ್ಯಾಲೆ ಕುಂತ್ರ ಏನೂ ಉಳಿಯೂದಿಲ್ಲ. ವರ್ಷಗಟ್ಟಲೆ ಬಿಡದೆ ನಡದವರಿಗೇ ಫಲ.

ನೀನು ಭತ್ತದ ನಾಟಿ ಹಚ್ಚಿ, ಕಳೆ ಕಿತ್ತು, ಮೂರು ಮಂದಿ ದುಡಿಮಿ ಒಬ್ಬಾಕಿನೇ ದುಡಿದಾಕಿ. ಕುಂತು ಉಣ್ಣೋ ಹಕ್ಕು ನಿನಗಿಲ್ಲದ ಯಾರಿಗೈತಿ? ಆದ್ರ ಸಿಂಧನೂರಿನ ಮನಿಗೆ ಬಂದ ಮ್ಯಾಲೆ ಕೆಲಸ ಹೋತು, ಉಣ್ಣೂದು ಮಾತ್ರ ಅಷ್ಟೇ ಉಳೀತು. ಜೋಳದ ರೊಟ್ಟಿ ಬಿಡಬ್ಯಾಡ, ಅದರ ತಪ್ಪೇನಿಲ್ಲ. ಸಂಜೀಕಿನ ಮಂಡಕ್ಕಿ ಮಿರ್ಚಿ ಮಾತ್ರ ದಿನಾ ಬ್ಯಾಡ.

ವಾರಕ್ಕ 150 ನಿಮಿಷ ಅಂತಾರ, ಅಂದ್ರ ಐದು ದಿನ ಅರ್ಧ ತಾಸು. ನಮ್ಮ ಬಿಸಿಲು ಗೊತ್ತಲ್ಲ, ಹೊತ್ತು ಹುಟ್ಟೂಕಿಂತ ಮೊದಲ ಕಾಲುವೆ ದಂಡಿಗುಂಟ ಹೋಗ್ರಿ. ನಡೀತ ಮಾತಾಡಾಕ ಬರಬೇಕು, ಹಾಡಾಕ ಬರಬಾರದು, ಅಷ್ಟು ಬಿರುಸು ಇರಲಿ. ಮಂಡಿ ನೋವು ಅಂದ್ರ ಹತ್ತು ಹತ್ತು ನಿಮಿಷ ಮೂರು ಸಲ ಮಾಡು.

ಇನ್ನೊಂದು ಮಾತು, ದೊಡ್ಡವ್ವಗೂ ಹೇಳು. ಮುಟ್ಟು ನಿಂತ ಮ್ಯಾಲೆ ಒಂದು ಹನಿ ರಕ್ತ ಕಂಡ್ರೂ ನಾಚ್ಕೊಂಡು ಮುಚ್ಚಿಡಬ್ಯಾಡ್ರಿ, ಡಾಕ್ಟರಿಗೆ ತೋರಸ್ರಿ. ನಡಿಗಿ ಅದಕ್ಕ ಔಷಧ ಅಲ್ಲ.

ಟೇಲರ್ ಟೇಪು ತಂದು ಇಬ್ಬರೂ ಸೊಂಟದ ಸುತ್ತಳತಿ ತಗೋರಿ. ನಿನಗ 80 ಸೆಂಟಿಮೀಟರ್, ಅಪ್ಪಗ 90 ಮಿತಿ. ಅಪ್ಪನ್ನ ಅಳಿವಾಗ ಹೊಟ್ಟಿ ಒಳಗ ಎಳಕೊಳ್ಳಾಕ ಬಿಡಬ್ಯಾಡ.

ನಿನ್ನ ಮಗಳು