ಗೆಳೆತನವನ್ನು ಮೊದಲು ಬರೆ

ಪ್ರೀತಿಯ ತಮ್ಮಾ,

ನೀನು ಕಳಿಸಿದ ಅಧ್ಯಾಯಗಳನ್ನು ಓದಿ ಮುಗಿಸಿದೆ. ಚೆನ್ನಾಗಿ ಬರೆಯುತ್ತೀಯ, ಅದರಲ್ಲಿ ಅನುಮಾನ ಬೇಡ. ಆದರೆ ಇಬ್ಬರು ಗೆಳೆಯರು ಪ್ರೇಮಿಗಳಾಗುವ ಕಾದಂಬರಿ ಅಂತ ಹೇಳಿ ಗೆಳೆತನಕ್ಕೆ ಬರೀ ಒಂದೂವರೆ ಪುಟ ಕೊಟ್ಟಿದ್ದೀಯಲ್ಲ ಮಾರಾಯ! 'ಚಿಕ್ಕಂದಿನಿಂದ ಜೀವದ ಗೆಳೆಯರು' ಅಂತ ಒಂದು ಸಾಲು ಬರೆದೆ, ಮುಂದಿನ ಅಧ್ಯಾಯದಲ್ಲೇ ಒಬ್ಬನ ಎದೆ ಡವಡವ ಅನ್ನೋಕೆ ಶುರು. ಜೀವದ ಗೆಳೆಯರು ಅಂತ ನೀನು ಹೇಳಿಬಿಟ್ಟರೆ ನಾನು ಯಾಕೆ ನಂಬಬೇಕು?

ಈ ಥರದ ಕಥೆಯಲ್ಲಿ ಇಬ್ಬರೂ ಒಂದಾಗುತ್ತಾರೆ ಅಂತ ಗೊತ್ತಿದ್ದೇ ಓದುಗ ಪುಸ್ತಕ ಕೈಗೆತ್ತಿಕೊಳ್ಳುತ್ತಾನೆ. ಆದರೂ ಅವನನ್ನು ಹಿಡಿದು ಕೂರಿಸುವುದು ಒಂದು ಭಯ. ಬಾಯಿ ಬಿಟ್ಟರೆ ಇರುವ ಗೆಳೆತನವೂ ಕೈತಪ್ಪೀತು ಅನ್ನೋ ಭಯ. ಅದು ಓದುಗನಿಗೂ ಆಗಬೇಕಾದರೆ ಕಳೆದುಕೊಳ್ಳುವಂಥದ್ದು ಏನಾದರೂ ಅಲ್ಲಿ ಇರಬೇಕಲ್ವಾ? ಹಳೇ ಜಗಳ, ಮೂರನೆಯವರಿಗೆ ಅರ್ಥವಾಗದ ಜೋಕು, ಒಬ್ಬ ವಾಪಸ್ ಕೊಡದ ಇನ್ನೊಬ್ಬ ಕೇಳದ ಸಾಲ, ಒಬ್ಬ ಸುಳ್ಳು ಹೇಳಿದ ತಕ್ಷಣ ಇನ್ನೊಬ್ಬನಿಗೆ ಗೊತ್ತಾಗಿಬಿಡುವುದು, ಇವೆಲ್ಲ ಪ್ರೀತಿ ಶುರುವಾಗುವ ಮುಂಚೆಯೇ ಬಂದಿರಲಿ. ಪ್ರೀತಿಯ ಭಾಗವನ್ನು ಪೂರ್ತಿ ತೆಗೆದು ಒಮ್ಮೆ ಓದಿ ನೋಡು. ಉಳಿದದ್ದು ಗೆಳೆತನದ ಕಥೆಯಾಗಿ ನಿಲ್ಲದಿದ್ದರೆ ಇನ್ನೂ ಕೆಲಸ ಬಾಕಿ ಇದೆ.

ಇಬ್ಬರೂ ಗಂಡಸರಾಗಿರುವುದು ನಿನಗೆ ಸಿಕ್ಕಿರುವ ದೊಡ್ಡ ಅನುಕೂಲ. ನೀನು ಅದನ್ನು ಬರೀ ಅಡ್ಡಿ ಅಂದುಕೊಂಡಿದ್ದೀಯ. ಹುಡುಗ ಹುಡುಗಿ ಪಕ್ಕ ಪಕ್ಕ ಕೂತರೆ ಸಾಕು, ಸುತ್ತಲಿನವರು ಕಥೆ ಕಟ್ಟಿಬಿಡುತ್ತಾರೆ. ಇಬ್ಬರು ಹುಡುಗರು ಹೆಗಲ ಮೇಲೆ ಕೈ ಹಾಕಿಕೊಂಡು ತಿರುಗಿದರೆ, ಒಂದೇ ರೂಮಿನಲ್ಲಿ ಮಲಗಿದರೆ ಎಷ್ಟೋ ಕಡೆ ಯಾರೂ ಎರಡನೇ ಸಲ ನೋಡುವುದಿಲ್ಲ. ಗೆಳೆತನವೇ ಅವರಿಗೆ ಮರೆ. ತಮಾಷೆ ಏನಂದರೆ ಆ ಮರೆಯಲ್ಲಿ ಅವರ ಮನಸ್ಸು ಅವರಿಗೇ ಕಾಣಿಸುವುದಿಲ್ಲ.

ಹಾಗಾಗಿ ಪ್ರೀತಿ ಹುಟ್ಟಿಸೋಕೆ ಹೊಸ ಘಟನೆ ಹುಡುಕಬೇಡ. ಮಳೆ, ಅಪಘಾತ, ಆಸ್ಪತ್ರೆ ಯಾವುದೂ ಬೇಡ. ಹಳೆಯದನ್ನೇ ಇನ್ನೊಮ್ಮೆ ಬರೆ. ಮೊದಲ ಅಧ್ಯಾಯದಲ್ಲಿ ಇಬ್ಬರೂ ಒಂದೇ ಮಂಚದ ಮೇಲೆ ಬಿದ್ದುಕೊಂಡು ಮ್ಯಾಚ್ ನೋಡುತ್ತಿದ್ದಾರೆ ಅಂತಿಟ್ಟುಕೋ. ಒಬ್ಬನ ಕಾಲು ಇನ್ನೊಬ್ಬನ ಕಾಲಿನ ಮೇಲಿದೆ. 'ಎತ್ತೋ ಆ ಕಾಲು, ಭಾರ' ಅಂತ ಬೈದು ತಳ್ಳುತ್ತಾನೆ, ಅಷ್ಟೇ. ಹತ್ತನೇ ಅಧ್ಯಾಯದಲ್ಲಿ ಅದೇ ಮಂಚ, ಅದೇ ಕಾಲು. ಈ ಸಲ ಜೋಮು ಹಿಡಿದರೂ ಅವನು ಅಲ್ಲಾಡುವುದಿಲ್ಲ, ಯಾಕಂದರೆ ಅಲ್ಲಾಡಿದರೆ ಗೆಳೆಯ ಕಾಲು ತೆಗೆದುಬಿಡುತ್ತಾನೆ. ಸ್ಕೋರ್ ಎಷ್ಟು ಅಂತ ಕೇಳಿದರೆ ಗೊತ್ತಿಲ್ಲ. 'ಪ್ರೀತಿ' ಅನ್ನೋ ಪದ ಅಲ್ಲಿ ಬರೆಯಲೇಬೇಡ.

ಇಬ್ಬರಿಗೂ ಒಂದೇ ರಾತ್ರಿ ಜ್ಞಾನೋದಯ ಮಾಡಿಸಬೇಡ. ಒಬ್ಬನಿಗೆ ಮೊದಲೇ ಗೊತ್ತಿರಲಿ, ಇನ್ನೊಬ್ಬ ತಡ ಮಾಡಲಿ. ಆ ನಡುವಿನ ಕಾಲದಲ್ಲೇ ಕಾದಂಬರಿ ಇರುವುದು. ಹಾಗೇ, ನಡುವೆ ತಂದಿರುವ ಆ ಹುಡುಗಿಯನ್ನು ದಯವಿಟ್ಟು ಕೆಟ್ಟವಳನ್ನಾಗಿ ಮಾಡಬೇಡ. ಅವಳು ಒಳ್ಳೆಯವಳಾದಷ್ಟೂ ನಿನ್ನ ನಾಯಕನಿಗೆ ನೆಪಗಳು ಕಮ್ಮಿಯಾಗುತ್ತವೆ.

ಇನ್ನೊಂದು ತಲೆನೋವಿದೆ, ವ್ಯಾಕರಣದ್ದು. 'ಅವನು ಅವನ ಕೈ ಹಿಡಿದ. ಅವನು ಬಿಡಿಸಿಕೊಳ್ಳಲಿಲ್ಲ.' ಯಾರು ಯಾರ ಕೈ ಹಿಡಿದದ್ದು? ನಾಯಕಿ ಇದ್ದಿದ್ದರೆ 'ನಕ್ಕಳು' ಅಂದರೆ ಮುಗಿಯುತ್ತಿತ್ತು. ಇಲ್ಲಿ ಇಬ್ಬರೂ 'ನಕ್ಕ'. ಇದರಿಂದ ತಪ್ಪಿಸಿಕೊಳ್ಳೋಕೆ ನೀನು 'ಎತ್ತರದ ಯುವಕ', 'ಗುಂಗುರು ಕೂದಲಿನವನು' ಅಂತೆಲ್ಲ ಬರೆದಿದ್ದೀಯ. ಜೊತೆಗೇ ಬೆಳೆದ ಗೆಳೆಯನನ್ನು ಯಾರಾದರೂ ಮನಸ್ಸಿನಲ್ಲಿ 'ಎತ್ತರದ ಯುವಕ' ಅಂದುಕೊಳ್ಳುತ್ತಾರಾ? ಹೆಸರನ್ನೇ ಧೈರ್ಯವಾಗಿ ಮತ್ತೆ ಮತ್ತೆ ಬಳಸು, ಓದುಗನಿಗೆ ಅದು ಚುಚ್ಚುವುದಿಲ್ಲ. ಒಂದು ದೃಶ್ಯ ಪೂರ್ತಿ ಒಬ್ಬನ ಕಣ್ಣಿನಿಂದಲೇ ನಡೆಯಲಿ. ಆಗ ಅವನಿಗೆ 'ತಾನು', 'ತನ್ನ' ಸಿಗುತ್ತವೆ, 'ಅವನು' ಇನ್ನೊಬ್ಬನಿಗೆ ಮೀಸಲಾಗುತ್ತದೆ. ನಾನಾಗಿದ್ದರೆ 'ನಾನು' ಅಂತಲೇ ಬರೆದುಬಿಡುತ್ತಿದ್ದೆ.

ಮಾತುಗಳನ್ನೂ ನೋಡಿಕೋ. ಅಲ್ಲಿಯವರೆಗೆ 'ಲೋ, ಬಾರೋ' ಅನ್ನುತ್ತಿದ್ದವರು ಮೊದಲ ಮುತ್ತಾದ ಮೇಲೆ ಭಾವಗೀತೆ ಥರ ಮಾತಾಡುತ್ತಾರೆ. ಬೈಗುಳ ಹಾಗೇ ಇರಲಿ, ದನಿ ಬದಲಾದರೆ ಸಾಕು. ಹಾಸಿಗೆಯ ದೃಶ್ಯದ ಬಗ್ಗೆ ಹೇಳೋಕೆ ಜಾಸ್ತಿ ಏನಿಲ್ಲ. ಅಲ್ಲೂ ಅವರು ಗೆಳೆಯರೇ, ನಗಬಹುದು.

ಕಥೆ ಯಾವ ವರ್ಷ ನಡೆಯುತ್ತದೆ ಅಂತ ನೀನು ಎಲ್ಲೂ ಹೇಳಿಲ್ಲ. ಸುಮ್ನೆ ಬಿಡುವ ವಿಷಯ ಅಲ್ಲ ಇದು. ಭಾರತದಲ್ಲಿ ನಡೆಯುವುದಾದರೆ, 2009ರ ಜುಲೈನಲ್ಲಿ ದೆಹಲಿ ಹೈಕೋರ್ಟ್ ವಯಸ್ಕರ ಒಪ್ಪಿಗೆಯ ಸಲಿಂಗ ಸಂಬಂಧ ಅಪರಾಧವಲ್ಲ ಎಂದಿತು, 2013ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತು, 2018ರ ಸೆಪ್ಟೆಂಬರ್ 6ರಂದು ಅದೇ ಕೋರ್ಟ್ ಅಪರಾಧವಲ್ಲ ಎಂದು ತೀರ್ಪು ಕೊಟ್ಟಿತು. 2012ರಲ್ಲಿ ಬಾಯಿ ಬಿಟ್ಟವನು 2014ರಲ್ಲಿ ಹೇಗೆ ನೆಮ್ಮದಿಯಾಗಿ ನಿದ್ದೆ ಮಾಡುತ್ತಾನೆ, ಯೋಚಿಸು. ಮದುವೆಯ ಹಕ್ಕು ಮಾತ್ರ 2023ರ ತೀರ್ಪಿನಲ್ಲೂ ಸಿಗಲಿಲ್ಲ, ಹಾಗಾಗಿ ರಿಜಿಸ್ಟ್ರಾರ್ ಆಫೀಸಿನಲ್ಲಿ ಹಾರ ಬದಲಿಸುವ ಕೊನೆ ಬರೆದರೆ ನಡೆಯುವುದಿಲ್ಲ.

ಕೊನೆ ಅಂದಾಗ ನೆನಪಾಯಿತು. ಒಬ್ಬನನ್ನು ಸಾಯಿಸುವ ಯೋಚನೆ ಇದೆ ಅಂತ ಬರೆದಿದ್ದೀಯ. ಬೇಡ. ಇಂಗ್ಲಿಷ್ ಲೇಖಕ ಇ. ಎಂ. ಫಾರ್ಸ್ಟರ್ 1913–14ರಲ್ಲಿ ಗಂಡಸರಿಬ್ಬರ ಪ್ರೀತಿಯ ಬಗ್ಗೆ ಬರೆದ 'ಮಾರಿಸ್' ಕಾದಂಬರಿಗೆ ಸುಖಾಂತ್ಯವೇ ಬೇಕು ಅಂತ ಪಟ್ಟು ಹಿಡಿದಿದ್ದರು. ಅದು ಅಚ್ಚಾದದ್ದು 1971ರಲ್ಲಿ, ಅವರು ತೀರಿಕೊಂಡ ಮರುವರ್ಷ. ಇಬ್ಬರು ಗಂಡಸರ ಪ್ರೀತಿ ಸಾವಿನಲ್ಲೇ ಮುಗಿಯಬೇಕು ಅನ್ನುವ ಕಥೆಗಳು ಬೇಕಾದಷ್ಟು ಬಂದಿವೆ. ಅಳಿಸುವುದು ಸುಲಭ ಕಣೋ. ಇಬ್ಬರನ್ನೂ ಬದುಕಿಸಿ, ಮರುದಿನ ಬೆಳಿಗ್ಗೆ ಹಳೇ ಗೆಳೆಯರ ಗುಂಪಿನ ಮುಂದೆ ನಿಲ್ಲಿಸು ನೋಡೋಣ.

ಮೂರನೇ ಅಧ್ಯಾಯದ ಬಾಡಿಗೆ ಜಗಳ ಮಾತ್ರ ಅದ್ಭುತವಾಗಿದೆ. ದುಡ್ಡಿಗೆ ಜಗಳ ಆಡುತ್ತಿದ್ದೇವೆ ಅಂದುಕೊಂಡು ಇಬ್ಬರೂ ಬೇರೇನಕ್ಕೋ ಜಗಳ ಆಡುತ್ತಾರೆ. ಅದನ್ನೇ ಮೊದಲ ಅಧ್ಯಾಯ ಮಾಡಿ, ಅಲ್ಲಿಂದ ಮತ್ತೆ ಬರೆದು ಕಳಿಸು.

ಇತಿ,
ನಿನ್ನ ಅಣ್ಣ