ಟಾರು ಕಾಗದದ ಕೊಠಡಿಗಳ ಶಾಲೆ

ಗೆಳೆಯ,

ನಿಮ್ಮ ಹೈಸ್ಕೂಲಿನ ಸ್ಮರಣ ಸಂಚಿಕೆಗೆ ಶಾಲೆಯ ಚರಿತ್ರೆ ಬರೆಯುವ ಕೆಲಸ ನಿನ್ನ ಪಾಲಿಗೆ ಬಂದದ್ದು ತಿಳಿದು ನಿಜಕ್ಕೂ ಖುಷಿಯಾಯಿತು. ಶಂಕುಸ್ಥಾಪನೆ, ದಾನಿಗಳು, ಮುಖ್ಯೋಪಾಧ್ಯಾಯರ ಪಟ್ಟಿ, ಇಷ್ಟು ಬಿಟ್ಟರೆ ಬರೆಯಲು ಏನಿದೆ ಎಂದು ಕೇಳಿದ್ದೀಯ. ಅದಕ್ಕೆ ಉತ್ತರವಾಗಿ ಬೇರೊಂದು ಸಣ್ಣ ಊರಿನ ಸರ್ಕಾರಿ ಹೈಸ್ಕೂಲಿನ ಕಥೆ ಹೇಳುತ್ತೇನೆ. ಅದರ ಚರಿತ್ರೆಯನ್ನು ಮಾಡಿದವರು ಮಕ್ಕಳು.

ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ ಪ್ರಿನ್ಸ್ ಎಡ್ವರ್ಡ್ ಎಂಬ ಕೌಂಟಿ, ಅಂದರೆ ನಮ್ಮ ಜಿಲ್ಲೆಯಂಥದ್ದು, ಇದೆ. ಅದರ ಮುಖ್ಯ ಊರು ಫಾರ್ಮ್‌ವಿಲ್. ಸುತ್ತಲೂ ತಂಬಾಕಿನ ಹೊಲಗಳು. ಬಿಳಿಯರ ಮಕ್ಕಳಿಗೆ ಒಂದು ಶಾಲೆ, ಕರಿಯರ ಮಕ್ಕಳಿಗೆ ಇನ್ನೊಂದು ಎಂಬುದು ಆಗ ಅಲ್ಲಿನ ಕಾನೂನು. ಕರಿಯರ ಮಕ್ಕಳಿಗೆಂದು 1939ರಲ್ಲಿ ಕಟ್ಟಿದ ಇಟ್ಟಿಗೆ ಕಟ್ಟಡವೇ ರಾಬರ್ಟ್ ರಸ್ಸಾ ಮೋಟನ್ ಹೈಸ್ಕೂಲು. ಮೋಟನ್ ಅದೇ ಕೌಂಟಿಯಲ್ಲಿ ಬೆಳೆದ ಶಿಕ್ಷಣ ತಜ್ಞ, ಕರಿಯರ ನಾಯಕ ಬೂಕರ್ ಟಿ. ವಾಷಿಂಗ್ಟನ್ ನಂತರ, ಕರಿಯರ ಶಿಕ್ಷಣಕ್ಕೆಂದೇ ಇದ್ದ ಟಸ್ಕೆಗೀ ಸಂಸ್ಥೆಯನ್ನು ನಡೆಸಿದವರು.

ಕಟ್ಟಿದ್ದು ಸುಮಾರು 180 ಮಕ್ಕಳಿಗೆ. 1951ರ ಹೊತ್ತಿಗೆ 450ಕ್ಕೂ ಹೆಚ್ಚು ಮಕ್ಕಳು ಅಲ್ಲಿ ಓದುತ್ತಿದ್ದರು. ಜಿಮ್ ಇಲ್ಲ, ಊಟದ ಹಾಲ್ ಇಲ್ಲ, ವಿಜ್ಞಾನದ ಪ್ರಯೋಗಾಲಯ ಇಲ್ಲ. ಹೊಸ ಕಟ್ಟಡ ಕೇಳಿದರೆ ಆಡಳಿತ ಕೊಟ್ಟದ್ದು ಹಲಗೆ ಹೊಡೆದು ಟಾರು ಕಾಗದ ಹೊದಿಸಿದ ಶೆಡ್ಡುಗಳನ್ನು. ಮಳೆ ಬಂದರೆ ಸೋರುತ್ತಿದ್ದವು. ಚಳಿಗಾಲದಲ್ಲಿ ಒಲೆಯ ಹತ್ತಿರ ಕೂತವರಿಗೆ ಸೆಕೆ, ದೂರ ಕೂತವರಿಗೆ ನಡುಕ. ಅದೇ ಊರಿನ ಬಿಳಿಯರ ಹೈಸ್ಕೂಲಿನಲ್ಲಿ ಎಲ್ಲವೂ ಇತ್ತು.

1951ರ ಏಪ್ರಿಲ್ 23. ಬಾರ್ಬರಾ ಜಾನ್ಸ್ ಎಂಬ ಹದಿನಾರು ವರ್ಷದ ಹುಡುಗಿ ಮತ್ತು ಅವಳ ಜೊತೆಗಾರರು ಮೊದಲೇ ಗುಟ್ಟಾಗಿ ಎಲ್ಲ ಯೋಚಿಸಿದ್ದರು. ಒಂದು ಫೋನ್ ಕರೆ ಮಾಡಿಸಿ, ಊರಲ್ಲಿ ನಿಮ್ಮ ಶಾಲೆಯ ಹುಡುಗರು ತೊಂದರೆಯಲ್ಲಿದ್ದಾರೆ ಎಂದು ಹೇಳಿ ಪ್ರಿನ್ಸಿಪಾಲರನ್ನು ಹೊರಗೆ ಕಳಿಸಿದರು. ನಂತರ ಅವರ ಹೆಸರಿನಲ್ಲೇ ಎಲ್ಲ ಕ್ಲಾಸುಗಳಿಗೂ ಚೀಟಿ ಹೋಯಿತು: ಸಭಾಂಗಣಕ್ಕೆ ಬನ್ನಿ. ಪರದೆ ಸರಿದಾಗ ವೇದಿಕೆಯ ಮೇಲಿದ್ದದ್ದು ಬಾರ್ಬರಾ. ಮೇಷ್ಟ್ರುಗಳನ್ನು ಹೊರಗೆ ಹೋಗುವಂತೆ ಕೇಳಿಕೊಂಡು, ಮಕ್ಕಳೊಡನೆ ಮಾತಾಡಿದಳು. ಶಾಲೆಗೆ ಶಾಲೆಯೇ ಎದ್ದು ಹೊರನಡೆಯಿತು. ಎರಡು ವಾರ ಮುಷ್ಕರ.

ಅವರು ಕೇಳಿದ್ದು ಒಂದು ಒಳ್ಳೆಯ ಕಟ್ಟಡ, ಅಷ್ಟೆ. ನೆರವಿಗೆ ಬಂದ ವಕೀಲರು, ಆಲಿವರ್ ಹಿಲ್ ಮತ್ತು ಸ್ಪಾಟ್ಸ್‌ವುಡ್ ರಾಬಿನ್ಸನ್, ಬೇರೆಯೇ ಷರತ್ತು ಹಾಕಿದರು. ಕಟ್ಟಡಕ್ಕಾಗಿ ವಾದಿಸುವುದಿಲ್ಲ, ಬೇರೆ ಬೇರೆ ಶಾಲೆ ಎಂಬ ಪದ್ಧತಿಯೇ ಹೋಗಬೇಕು ಎನ್ನುವುದಾದರೆ ಬರುತ್ತೇವೆ ಎಂದರು. ಮಕ್ಕಳೂ ಹೆತ್ತವರೂ ಒಪ್ಪಿದರು. ಆ ಒಪ್ಪಿಗೆ ಎಷ್ಟು ದುಬಾರಿಯಾಯಿತು ಎಂಬುದನ್ನು ಮುಂದೆ ಹೇಳುತ್ತೇನೆ. ಮೇ 23ರಂದು 117 ವಿದ್ಯಾರ್ಥಿಗಳ ಹೆಸರಿನಲ್ಲಿ ದಾವೆ ಬಿತ್ತು. ಬಣ್ಣ ನೋಡಿ ಮಕ್ಕಳಿಗೆ ಬೇರೆ ಬೇರೆ ಸರ್ಕಾರಿ ಶಾಲೆ ಮಾಡುವುದು ಸಂವಿಧಾನಕ್ಕೆ ವಿರುದ್ಧ ಎಂದು ಸುಪ್ರೀಂ ಕೋರ್ಟು ಹೇಳಿದ, 1954ರ ಮೇ 17ರ ಪ್ರಸಿದ್ಧ ಬ್ರೌನ್ ತೀರ್ಪು ಐದು ಪ್ರಕರಣಗಳನ್ನು ಒಟ್ಟಿಗೆ ಸೇರಿಸಿ ಕೊಟ್ಟದ್ದು. ಅವುಗಳಲ್ಲಿ ವಿದ್ಯಾರ್ಥಿಗಳೇ ಶುರು ಮಾಡಿದ್ದು ಇದೊಂದೇ.

ತೀರ್ಪಿಗೂ ಮೊದಲೇ, 1953ರಲ್ಲಿ, ಮೋಟನ್‌ಗೆ ಹೊಸ ಕಟ್ಟಡ ಸಿಕ್ಕಿತು! ವರ್ಷಗಟ್ಟಲೆ ಕೇಳಿದರೂ ಹುಟ್ಟದ ದುಡ್ಡು ಕೇಸು ಬಿದ್ದ ಕೂಡಲೇ ಹುಟ್ಟಿತು, ಬೇರೆ ಶಾಲೆಯ ಪದ್ಧತಿ ಉಳಿಯಲಿ ಎಂದು. ನನಗೆ ಇವತ್ತಿಗೂ ಸಿಟ್ಟು ತರಿಸುವ ಸಂಗತಿ ಇದು.

ಅದಕ್ಕಿಂತ ಕೆಟ್ಟದ್ದು 1959ರಲ್ಲಿ ನಡೆಯಿತು. ಬಿಳಿಯ, ಕರಿಯ ಮಕ್ಕಳನ್ನು ಒಂದೇ ಶಾಲೆಗೆ ಸೇರಿಸಿ ಎಂಬ ಕೋರ್ಟಿನ ಆದೇಶ ಬಂದಾಗ, ಕೌಂಟಿಯ ಆಡಳಿತ ಮಂಡಳಿ ಶಾಲೆಗಳಿಗೆ ಹಣ ಕೊಡುವುದನ್ನೇ ನಿಲ್ಲಿಸಿಬಿಟ್ಟಿತು. ಒಂದು ಶಾಲೆಯಲ್ಲ, ಕೌಂಟಿಯ ಎಲ್ಲ ಸರ್ಕಾರಿ ಶಾಲೆಗಳಿಗೂ ಬೀಗ. ಬಿಳಿಯರ ಮಕ್ಕಳಿಗೆ ಖಾಸಗಿ ಅಕಾಡೆಮಿ ತೆರೆಯಿತು. ಕರಿಯರ ಮಕ್ಕಳಲ್ಲಿ ಕೆಲವರು ಬೇರೆ ಊರುಗಳ ನೆಂಟರ ಮನೆ ಸೇರಿದರು; ಕೆಲವರನ್ನು ಕ್ವೇಕರ್ ಎಂಬ ಕ್ರೈಸ್ತ ಪಂಥದ ಸಂಸ್ಥೆಯೊಂದು ದೂರದ ರಾಜ್ಯಗಳ ಅಪರಿಚಿತ ಮನೆಗಳಲ್ಲಿ ಇಟ್ಟು ಓದಿಸಿತು; ಚರ್ಚಿನ ನೆಲಮಾಳಿಗೆಗಳಲ್ಲಿ ಪಾಠ ನಡೆದವು. ಉಳಿದವರು ಹೊಲದ ಕೆಲಸಕ್ಕೆ ಹೋದರು. ಐದು ವರ್ಷ, ಗೆಳೆಯ! 1959ರಲ್ಲಿ ಒಂದನೇ ತರಗತಿಗೆ ಸೇರಬೇಕಿದ್ದ ಮಗುವಿಗೆ ಅಷ್ಟು ಹೊತ್ತಿಗೆ ಹನ್ನೊಂದು. ಹೈಸ್ಕೂಲಿನಲ್ಲಿದ್ದವರಲ್ಲಿ ಎಷ್ಟೋ ಜನರ ಓದು ಅಲ್ಲಿಗೇ ನಿಂತುಹೋಯಿತು.

1963ರಲ್ಲಿ ಅಧ್ಯಕ್ಷ ಕೆನಡಿ ಸರ್ಕಾರದ ಬೆಂಬಲದಿಂದ ಉಚಿತ ಶಾಲೆಗಳು ಶುರುವಾದವು. 1964ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಶಾಲೆ ಮುಚ್ಚಿದ್ದೇ ಸಂವಿಧಾನಕ್ಕೆ ವಿರುದ್ಧ ಎಂದು ಹೇಳಿದ ಮೇಲೆ ಸರ್ಕಾರಿ ಶಾಲೆಗಳು ಮತ್ತೆ ತೆರೆದವು.

ಇಷ್ಟನ್ನೂ ನಿನಗೆ ಬರೆದದ್ದಕ್ಕೆ ಕಾರಣವಿದೆ. ದಾಖಲಾತಿ ರಿಜಿಸ್ಟರ್ ತೆಗೆಸಿ ನೋಡು. ಪಾಸಾದವರನ್ನು ಹುಡುಕುವುದು ಸುಲಭ. ಮಧ್ಯದಲ್ಲೇ ಬಿಟ್ಟವರ ಸಾಲುಗಳ ಮೇಲೆ ಬೆರಳಿಡು. ಯಾವ ವರ್ಷ ಹೆಚ್ಚು ಮಕ್ಕಳು ಬಿಟ್ಟರು, ಹುಡುಗಿಯರು ಯಾವಾಗಿನಿಂದ ಬಂದರು, ಯಾವ ಕೇರಿಯ ಮಕ್ಕಳು ಎಷ್ಟು ವರ್ಷ ಬರಲೇ ಇಲ್ಲ? ಅವರಲ್ಲಿ ಬದುಕಿರುವವರು ಸಿಕ್ಕರೆ ಮಾತಾಡಿಸು. ಹೆಡ್‌ಮಾಸ್ಟರರ ಪಟ್ಟಿ ಅರ್ಧ ಪುಟದಲ್ಲಿ ಮುಗಿಯಲಿ.

ಬಾರ್ಬರಾ ವಿಷಯ ಹೇಳಲಿಲ್ಲ. ಅವಳ ಜೀವಕ್ಕೆ ಅಪಾಯವಾದೀತೆಂದು ಮನೆಯವರು ಅಲಬಾಮ ರಾಜ್ಯದಲ್ಲಿದ್ದ, ತಂದೆಯ ಸಹೋದರನ ಬಳಿ ಕಳಿಸಿದರು. ಮುಂದೆ ಲೈಬ್ರರಿಯನ್ ಆಗಿ ಸದ್ದಿಲ್ಲದೆ ಬದುಕಿ 1991ರಲ್ಲಿ ತೀರಿಕೊಂಡರು. ಹಳೆಯ ಕಟ್ಟಡ ಈಗ ಮ್ಯೂಸಿಯಂ. 2001ರಲ್ಲಿ, ಮುಷ್ಕರದ ಐವತ್ತನೇ ವರ್ಷದ ದಿನವೇ ತೆರೆಯಿತು. ಗುಲಾಮಗಿರಿಯನ್ನು ಉಳಿಸಲು ಹೊರಟ ದಕ್ಷಿಣದ ರಾಜ್ಯಗಳ ಸೇನಾಪತಿ ಜನರಲ್ ಲೀ ಪ್ರತಿಮೆ ಅಮೆರಿಕದ ಸಂಸತ್ ಭವನದಲ್ಲಿತ್ತು; 2020ರಲ್ಲಿ ಅದನ್ನು ತೆಗೆದಾಗ, ಆ ಜಾಗಕ್ಕೆ ವರ್ಜೀನಿಯಾ ಆರಿಸಿದ್ದು ಬಾರ್ಬರಾ ಅವರನ್ನೇ.

ಆದರೆ ನನಗೆ ಪ್ರತಿಮೆಗಿಂತ ದೊಡ್ಡದಾಗಿ ಕಂಡದ್ದು 2004ರ ಒಂದು ಕೆಲಸ. ಶಾಲೆ ಮುಚ್ಚಿದ್ದರಿಂದ ಓದು ಕಳೆದುಕೊಂಡವರಿಗೆಂದೇ ವರ್ಜೀನಿಯಾ ವಿದ್ಯಾರ್ಥಿವೇತನ ಶುರು ಮಾಡಿತು. ಅಷ್ಟರಲ್ಲಿ ಅವರಿಗೆಲ್ಲ ಐವತ್ತು, ಅರವತ್ತು ವಯಸ್ಸು. ಅವರಲ್ಲಿ ಕೆಲವರು ನಿಜವಾಗಿಯೂ ಮತ್ತೆ ಓದಲು ಹೋದರು.

ನಿನ್ನ ಪ್ರೀತಿಯ ಗೆಳೆಯ